ಅರ್ಧ ಪುಸ್ತಕದ ಸಾಹೇಬರು

ದಾರಿಯನ್ನು ತಪ್ಪಾಗಿ ಹೇಳಿದೆನೆಂಬ ಒಂದೇ ಕಾರಣಕ್ಕೆ ಅಪರಿಚಿತನೊಬ್ಬನನ್ನು ಹುಡುಕಿಕೊಂಡು ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್‌ನ ಗಲ್ಲಿಗಳಲ್ಲಿ ಓಡಿದ ಮನುಷ್ಯರನ್ನು ನನ್ನ ಎಪ್ಪತ್ತೆರಡು ವರ್ಷಗಳ ಆಯುಸ್ಸಿನಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. ಅಂದು ನಾವಿಬ್ಬರೂ ಸಾಂಬ್ರಾಣಿ ಕೊಳ್ಳಲು ಹೋಗಿದ್ದೆವು. ಗಿಡುಗಗಳನ್ನು ಮಾರುವ ಅಂಗಡಿ ಎಲ್ಲಿದೆಯೆಂದು ಒಬ್ಬ ಪ್ರವಾಸಿ ಕೇಳಿದ. ಇವರು ಎಡಕ್ಕೆ ಕೈ ತೋರಿಸಿದರು. ಐವತ್ತು ಹೆಜ್ಜೆ ನಡೆದ ಮೇಲೆ ನಿಂತುಬಿಟ್ಟರು.

"ಮಾಷ್ಟ್ರೇ, ಬಲಕ್ಕೆ ಹೇಳ್ಬೇಕಿತ್ತು" ಎಂದವರೇ ಸಾಂಬ್ರಾಣಿಯ ಪೊಟ್ಟಣವನ್ನು ನನ್ನ ಕೈಗಿತ್ತು ಹೊರಟೇಹೋದರು. ಮಂಡಿನೋವಿನ ನಾನು ಹಿಂದಿನಿಂದ ಕುಂಟುತ್ತ ಹೋಗಿ ಸೇರುವ ಹೊತ್ತಿಗೆ ಗಿಡುಗದ ಅಂಗಡಿಯ ಮುಂದೆ ಆ ಪ್ರವಾಸಿ ಕಣ್ಣುಪಟ್ಟಿ ಕಟ್ಟಿಸಿಕೊಂಡ ಹಕ್ಕಿಯೊಂದನ್ನು ನೋಡುತ್ತ ನಿಂತಿದ್ದ. ಇವರು ಏದುಸಿರು ಬಿಡುತ್ತ ಹೇಳುತ್ತಿದ್ದರು: ನಾನು ಹೇಳಿದ ದಾರಿ ತಪ್ಪಾಗಿತ್ತು. ಅವನು ನಕ್ಕ. ನಾನು ತಲುಪಿದ್ದೇನಲ್ಲ, ಎಂದ.

"ನೀವು ತಲುಪಿದ್ದು ಬೇರೆ, ನಾನು ಹೇಳಿದ್ದು ಬೇರೆ" ಎಂದು ತಮ್ಮ ಒಡಕು ಇಂಗ್ಲಿಷಿನಲ್ಲಿ ಉತ್ತರಿಸಿ, ಗಾಳಿಯಲ್ಲಿ ಬೆರಳಿನಿಂದ ಒಂದು ಅಡ್ಡಗೆರೆ ಎಳೆದು, ಸಮಾಧಾನದಿಂದ ಹಿಂದಿರುಗಿದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಂದರಿನಲ್ಲಿ ಎಲ್ಲರೂ ಅವರನ್ನು ಸಾಹೇಬರೆನ್ನುತ್ತಿದ್ದರು. ನನ್ನ ಲೇಖನಿಗೂ ಅದೇ ಸಾಕು. ನೇತ್ರಾವತಿಯ ದಂಡೆಯ ಬ್ಯಾರಿ ಮನೆತನದವರು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಮೀಸೆ ಮೂಡುವ ಮುನ್ನವೇ ಕತಾರಿಗೆ ಬಂದು, ಹಳೆಯ ಬಂದರಿನಲ್ಲಿ ಕಚೇರಿಯ ನೆಲ ಒರೆಸಿ, ಮೂಟೆ ಹೊತ್ತು, ಕೊನೆಗೆ ಟ್ಯಾಲಿ ಬರೆಯುವ ಕೆಲಸಕ್ಕೆ ಏರಿದವರು. ಹಡಗಿನಿಂದ ಸರಕು ಇಳಿಯುವಾಗ ಪಕ್ಕದಲ್ಲಿ ನಿಂತು ಎಷ್ಟು ಪೆಟ್ಟಿಗೆ, ಎಷ್ಟು ಒಡೆದದ್ದು, ಎಷ್ಟು ಒದ್ದೆಯಾದದ್ದು ಎಂದು ಹಲಗೆಯ ಮೇಲಿನ ಹಾಳೆಯಲ್ಲಿ ಗುರುತು ಹಾಕುವುದೇ ಆ ಕೆಲಸ. ಬಂದರು ನಗರದಿಂದ ದಕ್ಷಿಣಕ್ಕೆ ಸರಿದು ಹಮದ್ ಬಂದರಾದಾಗ ಎಲ್ಲವೂ ಕಂಪ್ಯೂಟರಿಗೆ ಹೋಯಿತು. ಆದರೆ ಒಡೆದ ಸರಕಿಗೆ ಇವರ ಹಲಗೆಯೇ ಪ್ರಮಾಣವಾಗಿ ಉಳಿಯಿತು.

ಆ ಹಾಳೆಗೊಂದು ಕಟ್ಟಳೆಯುಂಟು. ತಪ್ಪು ಬರೆದರೆ ಅಳಿಸಬಾರದು, ಬಿಳಿ ಬಣ್ಣ ಬಳಿಯಬಾರದು, ಹಾಳೆಯನ್ನಂತೂ ಹರಿಯಲೇಬಾರದು. ತಪ್ಪಿನ ಮೇಲೆ ಒಂದೇ ಒಂದು ಗೆರೆ, ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕದಲ್ಲಿ ತನ್ನ ಸಹಿ ಮತ್ತು ಸಮಯ. "ಗೆರೆಯ ಕೆಳಗಿದ್ದದ್ದು ಓದ್ಲಿಕ್ಕೆ ಬರ್ಬೇಕು ಮಾಷ್ಟ್ರೇ. ಇಲ್ಲದಿದ್ರೆ ಅದು ತಿದ್ದಿದ್ದಲ್ಲ, ಅಡಗಿಸಿದ್ದು" ಎನ್ನುತ್ತಿದ್ದರು. ನಾನು ಶಾಸ್ತ್ರಗಳನ್ನು ಓದಿದವನು. ಪ್ರಾಯಶ್ಚಿತ್ತದ ವಿಧಿಗಳು ನನಗೆ ಕಂಠಪಾಠವಾಗಿವೆ. ಆದರೆ ಪ್ರಾಯಶ್ಚಿತ್ತವೆಂಬುದು ಇಷ್ಟು ಸರಳವೂ ಇಷ್ಟು ಕಠಿಣವೂ ಆಗಬಲ್ಲದೆಂದು ನನಗೆ ತೋರಿಸಿದ್ದು ಆ ಹಲಗೆ.

ನಮ್ಮ ಪರಿಚಯವಾದದ್ದು ನಾನಿರುವ ಅಲ್ ಮನ್ಸೂರಾ ಬಡಾವಣೆಯ ಒಂದು ಉಡುಪಿ ಹೋಟೆಲಿನಲ್ಲಿ. ನಾನಾಗ ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಸಂಸ್ಕೃತ ಮತ್ತು ಕನ್ನಡ ಕಲಿಸುತ್ತಿದ್ದೆ. ಎದುರಿನ ಮೇಜಿನಲ್ಲಿ, ಕ್ಯಾಪಿನ ಅಂಚಿಗೆ ಪೆನ್ಸಿಲು ಸಿಕ್ಕಿಸಿಕೊಂಡ ಒಬ್ಬರು ನಾಲ್ಕು ಜನರಿಗೆ ಏನನ್ನೋ ಹೇಳುತ್ತಿದ್ದರು. ದೋಸೆ ತಣ್ಣಗಾಗುತ್ತಿದ್ದರೂ ಆ ನಾಲ್ವರು ತಿನ್ನುತ್ತಿರಲಿಲ್ಲ.

"ಹುಡುಗನಿಗೆ ಬರೀ ಹದಿನಾಲ್ಕು ವರ್ಷ. ಬ್ರಿಟಿಷ್ ಆಫೀಸರ್ ಕಾಲು ಮುಂದೆ ಮಾಡಿ ಹೇಳ್ತಾನೆ, ನನ್ನ ಬೂಟ್ಸು ಒರೆಸು ಅಂತ. ಆಗ್ಲಿಕ್ಕಿಲ್ಲ, ನಾನು ಯುದ್ಧದ ಕೈದಿ, ನಿನ್ನ ಆಳಲ್ಲ ಅಂತ ಹುಡುಗ ಹೇಳ್ತಾನೆ. ಆಫೀಸರ್ ಕತ್ತಿ ಎಳೆದ! ಕೈ ಅಡ್ಡ ಹಿಡಿದ ಹುಡುಗ. ಕೈಗೂ ಬಿತ್ತು, ತಲೆಗೂ ಬಿತ್ತು. ಆ ಗಾಯದ ಗುರುತು ಸಾಯುವವರೆಗೂ ಇತ್ತು."

"ಮತ್ತೆ ಎಂಥ ಆಯ್ತು ಸಾಯ್ಬ್ರೇ?" ಎಂದು ಒಬ್ಬ ಕೇಳಿದ.

"ಎಂಥ ಆಗುದು? ಅಮೆರಿಕದ ಏಳನೇ ಪ್ರೆಸಿಡೆಂಟ್ ಆದ!"

ಮೇಜು ಕುಟ್ಟಿ ನಾಲ್ವರೂ ನಕ್ಕರು. ನಾನೂ ನಕ್ಕೆನೆಂದು ತೋರುತ್ತದೆ. ಅವರು ತಿರುಗಿ ನೋಡಿ, "ಬನ್ನಿ ಭಟ್ರೇ, ಈಚೆ ಕೂತ್ಕೊಳ್ಳಿ, ಕಥೆಗೆ ಮಡಿ ಇಲ್ಲ" ಎಂದರು.

ಏಳನೆಯ ತರಗತಿಯವರಿಗೆ ಈ ಕಥೆ ಎಲ್ಲಿಂದ ದೊರೆಯಿತು? ಒಂದು ಹಡಗಿನಲ್ಲಿ ಯಾವುದೋ ವಿದ್ಯಾಲಯಕ್ಕೆಂದು ಬಂದ ಪುಸ್ತಕದ ಪೆಟ್ಟಿಗೆಯೊಂದು ಸಮುದ್ರದ ನೀರು ಕುಡಿದಿತ್ತು. ಪಡೆಯಬೇಕಾದವರು ಬೇಡವೆಂದರು. ಕಸಕ್ಕೆ ಹೋಗಲಿದ್ದ ಅದರೊಳಗಿಂದ ದಪ್ಪದೊಂದು ಪುಸ್ತಕವನ್ನು ಇವರು ಕೇಳಿಕೊಂಡರು. ಅದಕ್ಕೂ ಗೇಟಿನಲ್ಲಿ ತೋರಿಸಲು "ಹಾಳಾದ ಪುಸ್ತಕ, ಒಂದು" ಎಂದು ಚೀಟಿ ಬರೆಸಿಕೊಂಡರು. ಅದು ಆ ಅಧ್ಯಕ್ಷನ ಚರಿತ್ರೆ. ಮೊದಲರ್ಧ ಒಣಗಿ ಬಿಡಿಸಿಕೊಂಡಿತು. ಉಳಿದರ್ಧ ಉಪ್ಪುನೀರಿನಲ್ಲಿ ಹಲಗೆಯಂತೆ ಅಂಟಿ ಹೋಗಿತ್ತು. ನಿಘಂಟನ್ನು ಪಕ್ಕದಲ್ಲಿರಿಸಿಕೊಂಡು, ದಿನಕ್ಕೊಂದು ಪುಟದಂತೆ, ಒಂದು ವರ್ಷದಲ್ಲಿ ಆ ಅರ್ಧವನ್ನು ಅವರು ಓದಿದರು. ಅಧ್ಯಕ್ಷನಾಗುವ ಮೊದಲು ಸೇನಾನಿಯಾಗಿದ್ದ ಅವನನ್ನು ಜನರಲ್ ಎಂದೇ ಕರೆಯುತ್ತಿದ್ದರು, ಊರಿನ ಹಿರಿಯರೊಬ್ಬರ ಬಗ್ಗೆ ಹೇಳುವಂತೆ.

ಆಮೇಲೆ ಹನ್ನೆರಡು ವರ್ಷ ಅದನ್ನು ಹೇಳಿದರು. ಶುಕ್ರವಾರ ಜುಮಾ ನಮಾಜು ಮುಗಿಸಿ, ಬಂದರಿನ ದಾರಿಯಲ್ಲಿದ್ದ ಕಾರ್ಮಿಕರ ಕ್ಯಾಂಪಿನ ಊಟದ ಹಜಾರದಲ್ಲಿ ಅವರು ಕುಳಿತರೆ ಕರಾವಳಿಯ ಜನವೆಲ್ಲ ಸುತ್ತ ಸೇರುತ್ತಿತ್ತು. ತಾಯಿಯನ್ನೂ ಅಣ್ಣಂದಿರನ್ನೂ ಯುದ್ಧದಲ್ಲಿ ಕಳೆದುಕೊಂಡ ಅನಾಥ. ಅಧ್ಯಕ್ಷನಾದ ದಿನ ಕೆಸರುಗಾಲಿನ ಜನ ಶ್ವೇತಭವನಕ್ಕೆ ನುಗ್ಗಿ ರೇಷ್ಮೆಯ ಕುರ್ಚಿಗಳ ಮೇಲೆ ಬೂಟುಗಾಲಿನಲ್ಲಿ ನಿಂತು ತಮ್ಮವನನ್ನು ನೋಡಿದ್ದು. ಜನರನ್ನು ಹೊರಗೆಳೆಯಲು ಪಾನಕದ ಕೊಪ್ಪರಿಗೆಗಳನ್ನು ಹುಲ್ಲಿನ ಅಂಗಳಕ್ಕೆ ಸಾಗಿಸಬೇಕಾಗಿ ಬಂದದ್ದು. ಸಿರಿವಂತರ ಬ್ಯಾಂಕಿನ ವಿರುದ್ಧ ಒಬ್ಬನೇ ನಿಂತದ್ದು. ತೆರಿಗೆ ಕೊಡೆವೆಂದ ದಕ್ಷಿಣದ ರಾಜ್ಯವೊಂದಕ್ಕೆ, ಒಕ್ಕೂಟ ಮುರಿದರೆ ಸೈನ್ಯ ಬರುತ್ತದೆ ಎಂದು ಗದರಿಸಿದ್ದು. ಇದನ್ನೆಲ್ಲ ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು. ಬೇರೆಯವರ ಬಾಗಿಲುಗಳ ಹೊರಗೆ ಬದುಕನ್ನೆಲ್ಲ ಕಳೆದ ಜನಕ್ಕೆ, ಬಾಗಿಲು ತೆರೆದ ಒಬ್ಬ ದೊರೆ ಎಂದರೆ ಏನೆಂಬುದನ್ನು ನಾನು ಆ ಮುಖಗಳಲ್ಲಿ ಕಂಡೆ.

ನನ್ನ ಪಾಲನ್ನೂ ಹೇಳಿಬಿಡಬೇಕು. ಒಂದು ದಿನ ಶಾಲೆಯ ಬೆಳಗಿನ ಪ್ರಾರ್ಥನಾಸಭೆಯಲ್ಲಿ ಕನ್ನಡದಲ್ಲಿ ಮಾತನಾಡುವ ಸರದಿ ನನ್ನದಾಗಿತ್ತು. ಕನ್ನಡವೆಂದರೆ ಕಣ್ಣು ತೇಲಿಸುವ ಮಕ್ಕಳು. ನಾನು ಈ ಅನಾಥ ಬಾಲಕನ ಕಥೆಯನ್ನು ಹೇಳಿದೆ, ಶ್ವೇತಭವನದ ಬಾಗಿಲು ತೆರೆಯುವವರೆಗೆ. ಮಕ್ಕಳು ಮಿಸುಕಲಿಲ್ಲ. ಅಷ್ಟು ವರ್ಷಗಳ ಅಧ್ಯಾಪನದಲ್ಲಿ ಅಂಥ ಮೌನ ನನಗೆ ಒಲಿದದ್ದು ಅದೊಂದೇ ಬಾರಿ. ಸಾಹೇಬರಿಗೆ ತಿಳಿಸಿದಾಗ ಅವರು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು.

ಈಗ ಸದಾನಂದನ ವಿಷಯ. ಅವನು ಹಡಗಿನಲ್ಲಿ ಕಂಟೇನರುಗಳನ್ನು ಸರಪಳಿಯಿಂದ ಬಿಗಿಯುವ ಕೆಲಸದವನು. ತುಳು ಮನೆಮಾತಿನ ಆಳೆತ್ತರದ ಮನುಷ್ಯ. ಊರಿನಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದನಂತೆ. ವೇಷ ಕಟ್ಟದೆ, ಕುಣಿಯದೆ, ಕುಳಿತಲ್ಲೇ ಕುಳಿತು ಬರಿಯ ಮಾತಿನಿಂದ ಪಾತ್ರವಾಗುವ ನಮ್ಮ ಕರಾವಳಿಯ ಆ ಕಲೆಯಲ್ಲಿ ಪಳಗಿದ ನಾಲಗೆ ಅವನದು. ಸಾಹೇಬರ ಕಥೆಗೆ ಎಲ್ಲರಿಗಿಂತ ಮುಂದೆ ಕುಳಿತು, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಿದ್ದವನು ಅವನೇ.

ಕ್ಯಾಂಪಿನ ಮೆಸ್ ಸಮಿತಿಗೆ ಒಬ್ಬ ಮುಖ್ಯಸ್ಥನನ್ನು ಆರಿಸುವಾಗ ಜನ ಅವನನ್ನೇ ಆರಿಸಿದರು. ಮೊದಲ ದಿನವೇ ಅವನು ಸೂಪರ್‌ವೈಸರುಗಳಿಗೆಂದು ಬೀಗ ಹಾಕಿದ್ದ ಟಿವಿ ಕೋಣೆಯನ್ನು ಎಲ್ಲರಿಗೂ ತೆರೆಸಿದ. ಕೆಲಸದ ಬೂಟುಗಳಲ್ಲೇ ಜನ ಸೋಫಾಗಳ ಮೇಲೆ ಕುಳಿತರು. "ನೋಡಿ ಸಾಯ್ಬ್ರೇ, ನಿಮ್ಮ ಜನರಲ್ ಮಾಡಿದ್ದು ಇದೇ ಅಲ್ವಾ!" ಎಂದು ಸದಾನಂದ ಕೂಗಿದ. ಸಾಹೇಬರು ಅಂದು ಬಹಳ ಸಂತೋಷಪಟ್ಟರು.

ಮೂರು ತಿಂಗಳ ಮೇಲೆ ಅವನು ಇನ್ನೊಂದು ಕೆಲಸಕ್ಕೆ ಕೈಹಾಕಿದ. ಊಟದ ಹಜಾರಕ್ಕೆ ಹೊಂದಿಕೊಂಡಂತೆ, ನೀರಿನ ನಲ್ಲಿಯ ಬಳಿ, ನೆರಳಿರುವ ಕೋಣೆಗಳ ಸಾಲೊಂದಿತ್ತು. ಅಲ್ಲಿ ನೇಪಾಳದ ಹನ್ನೊಂದು ಮಂದಿ ಇದ್ದರು. ಕ್ಯಾಂಪಿಗೆ ಎಲ್ಲರಿಗಿಂತ ಮೊದಲು ಬಂದವರು ಅವರೇ. ಬಾಗಿಲ ಮುಂದೆ ಎಣ್ಣೆಯ ಡಬ್ಬಗಳಲ್ಲಿ ಮಣ್ಣು ತುಂಬಿ ಸೊಪ್ಪು ಬೆಳೆದಿದ್ದರು. ಆ ಕೋಣೆಗಳು ನಮ್ಮವರಿಗೆ ಬೇಕು, ಅವರು ಬೇಲಿಯ ಪಕ್ಕದ ತಗಡಿನ ಸಾಲಿಗೆ ಹೋಗಲಿ ಎಂದು ಸದಾನಂದ ಕೈಯೆತ್ತಿಸಿ ಮತ ಪಡೆದ. ಕೈಗಳು ಬಹಳ ಎದ್ದವು. ಕ್ಯಾಂಪಿನ ಯಜಮಾನನಿಗೆ ಯಾರು ಎಲ್ಲಿದ್ದರೂ ಒಂದೇ. ಹನ್ನೊಂದು ಹೆಸರುಗಳ ಪಟ್ಟಿ ಗೋಡೆಯ ಮೇಲೆ ಬಂದಿತು: ಮುಂದಿನ ಶನಿವಾರ ಬೆಳಗ್ಗೆ ತೆರವು.

ಸಾಹೇಬರು ಹೋಗಿ ಕೇಳಿದರು. "ಎಂಥದು ಸದಾನಂದಾ ಇದು? ಬೇಸಿಗೆಯಲ್ಲಿ ಆ ತಗಡಿನ ಅಡಿ ಜನ ಇರ್ತಾರಾ?"

"ನಾನು ಹೇಳಿದ್ದಲ್ಲ ಸಾಯ್ಬ್ರೇ, ಜನ ಹೇಳಿದ್ದು. ಜನ ಹೇಳಿದ ಮೇಲೆ ಖಲಾಸ್. ನಿಮ್ಮ ಜನರಲ್ ಇದ್ರೂ ಇದನ್ನೇ ಮಾಡ್ತಿದ್ದ."

"ಅವನು ಹಾಗೆ ಮಾಡುವವನಲ್ಲ."

"ಪುಸ್ತಕ ಪೂರ್ತಿ ಓದಿದ್ದೀರಾ?" ಎಂದು ಸದಾನಂದ ತಮಾಷೆಗೆಂದೇ ಕೇಳಿದ. ಸುತ್ತಲಿದ್ದವರು ನಕ್ಕರು.

ಸಾಹೇಬರು ನಗಲಿಲ್ಲ. ಮರುದಿನ ರಜೆ ಹಾಕಿ ನಗರದ ದೊಡ್ಡ ಗ್ರಂಥಾಲಯಕ್ಕೆ ಹೋಗಿ, ಅದೇ ಪುಸ್ತಕದ ಕೆಡದ ಪ್ರತಿಯೊಂದನ್ನು ತೆಗೆಸಿ, ತಮ್ಮ ಪುಸ್ತಕ ಅಂಟಿಕೊಂಡಿದ್ದ ಪುಟದಿಂದ ಮುಂದಕ್ಕೆ ಓದಲು ಕುಳಿತರು. ಹನ್ನೆರಡು ವರ್ಷಗಳಲ್ಲಿ ಅವರ ಓದು ಚುರುಕಾಗಿತ್ತು; ಎರಡು ದಿನ, ಬೆಳಗಿನಿಂದ ಬಾಗಿಲು ಹಾಕುವವರೆಗೆ ಓದಿದರು. ಮೂರನೆಯ ದಿನ ಮಧ್ಯಾಹ್ನ ನನ್ನ ಮನೆಗೆ ಬಂದರು. ನಾನಾಗ ನಿವೃತ್ತನಾಗಿ ಮಗಳ ಸಂಸಾರದೊಂದಿಗಿದ್ದೆ. ಮಗಳು ಕೊಟ್ಟ ಚಹಾ ಮುಟ್ಟದೆ ಅವರು ಹೇಳಿದರು:

"ಸದಾನಂದ ಒಂದು ಅಕ್ಷರ ಓದ್ಲಿಲ್ಲ ಮಾಷ್ಟ್ರೇ. ಆದ್ರೆ ಉಳಿದ ಅರ್ಧ ಪುಸ್ತಕ ಅವನಿಗೆ ಸರಿಯಾಗಿ ಗೊತ್ತಿತ್ತು."

ಆ ಅರ್ಧದಲ್ಲಿದ್ದವರು ಚೆರೋಕಿ ಎಂಬ ಮೂಲನಿವಾಸಿ ಜನ. ತಮ್ಮದೇ ಲಿಪಿ, ತಮ್ಮದೇ ಪತ್ರಿಕೆ, ತಮ್ಮದೇ ಸಂವಿಧಾನ ಮಾಡಿಕೊಂಡು ಹೊಲ ಉಳುತ್ತಿದ್ದವರು. ಅವರ ನೆಲ ಬಿಳಿಯರಿಗೆ ಬೇಕಾಗಿತ್ತು. ಜನರ ಅಧ್ಯಕ್ಷ ಜನರ ಮಾತು ನಡೆಸಿದ: ದೊಡ್ಡ ನದಿಯ ಆಚೆಗೆ ಅವರನ್ನು ಸಾಗಿಸುವ ಕಾನೂನಿಗೆ ಸಹಿ ಹಾಕಿದ. ಸರ್ವೋಚ್ಚ ನ್ಯಾಯಾಲಯ ಚೆರೋಕಿಗಳ ಪರವಾಗಿ ತೀರ್ಪಿತ್ತರೂ ಅವನು ಅದಕ್ಕೆ ಬಲ ಕೊಡಲಿಲ್ಲ. ಸಾವಿರಾರು ಚೆರೋಕಿಗಳು ಸಹಿ ಮಾಡಿ, ಬೇಡವೆಂದು ಬೇಡಿಕೊಂಡರು. ಅವನು ಪದವಿಯಿಂದಿಳಿದ ಮರುವರ್ಷ, ಅವನೇ ಹಾಕಿಕೊಟ್ಟ ದಾರಿಯಲ್ಲಿ ಸೈನಿಕರು ಅವರನ್ನು ಹೊರಡಿಸಿದರು. ಹಿಮದಲ್ಲಿ ನಡೆಯುತ್ತ ಸಾವಿರಗಟ್ಟಲೆ ಜನ ಸತ್ತರು.

"ಮತ್ತೊಂದು," ಎಂದರು ಸಾಹೇಬರು. "ಕೆಸರುಗಾಲಿನವರು ಒಳಗೆ ಬಂದು ಹೋದ್ರಲ್ಲ, ಆ ನೆಲ ಒರೆಸಿದ್ದು ಯಾರು ಅಂತ ಪುಸ್ತಕದಲ್ಲಿ ಇಲ್ಲ. ಆದ್ರೆ ಅವನು ಗುಲಾಮರನ್ನು ಇಟ್ಟುಕೊಂಡವನು ಅಂತ ಉಂಟು. ಹನ್ನೆರಡು ವರ್ಷ ಬಾಗಿಲು ಬಾಗಿಲು ಅಂತ ಹೇಳಿದೆ. ಒರೆಸುವವರ ನೆನಪು ಒಂದು ದಿನ ಬರ್ಲಿಲ್ಲ. ನಾನೂ ಒರೆಸಿದವನೇ ಅಲ್ವಾ?"

ಶನಿವಾರಕ್ಕೆ ನಾಲ್ಕು ದಿನವಿತ್ತು. ಹೋಗಿ ಎಲ್ಲರಿಗೂ ಹೇಳಿಬಿಡಿ, ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಸದಾನಂದನಿಗೆ ಬುದ್ಧಿ ಹೇಳಿದರೆ ಅವನು ಜನರನ್ನು ನಗಿಸಿ ಗೆಲ್ಲುತ್ತಾನೆ. ಅವನನ್ನು ಸೋಲಿಸಬಲ್ಲ ಮಾತುಗಾರ ಕ್ಯಾಂಪಿನಲ್ಲಿ ಒಬ್ಬನೇ, ಅದು ಸದಾನಂದ. "ಶುಕ್ರವಾರ ತಾಳಮದ್ದಳೆ ಇಡುವ. ಜನರಲ್ ನಾನು. ಚೆರೋಕಿ ಜನರ ನಾಯಕ ಸದಾನಂದ. ಪದ ನೀವು ಬರೀಬೇಕು, ನೀವೇ ಹಾಡ್ಬೇಕು."

ನನಗೆ ಸಿಟ್ಟು ಬಂದಿತೆಂದು ಒಪ್ಪಿಕೊಳ್ಳುತ್ತೇನೆ. ಊರಿನಲ್ಲಿ ಭಾಗವತನಾಗಿ ಶ್ರೀಕೃಷ್ಣನ ಸಂಧಾನಕ್ಕೂ ಶ್ರೀರಾಮನ ನಿರ್ಯಾಣಕ್ಕೂ ಹಾಡಿದ ನಾಲಗೆಯಲ್ಲಿ ಅಮೆರಿಕದ ಅಧ್ಯಕ್ಷನಿಗೆ ಭಾಮಿನಿ ಷಟ್ಪದಿಯೇ? ಅವರು ವಾದಿಸಲಿಲ್ಲ. "ಹನ್ನೊಂದು ಜನ ಮಾಷ್ಟ್ರೇ" ಎಂದಷ್ಟೇ ಹೇಳಿದರು. ಆ ಸಂಜೆ ಸಂಧ್ಯಾವಂದನೆ ಮುಗಿಸಿ, ದೇವರಲ್ಲಿ ಕ್ಷಮೆ ಕೇಳಿ ಬರೆಯತೊಡಗಿದೆ. ಬರೆಯುತ್ತ ಬರೆಯುತ್ತ, ಕ್ಷಮೆ ಕೇಳುವ ಅಗತ್ಯವಿರಲಿಲ್ಲವೆಂದು ತಿಳಿಯಿತು.

ಶುಕ್ರವಾರ ಕ್ಯಾಂಪಿಗೆ ಹೋಗುವಾಗ ಕಾರಿನಲ್ಲಿ ಕೇಳಿದೆ: "ಸಾಹೇಬರೇ, ನೀವು ಸ್ವಲ್ಪ ಸಡಿಲಾಗಿ ಮಾತಾಡಿದರೆ ಅವನು ಸುಲಭವಾಗಿ ಗೆಲ್ಲುತ್ತಾನಲ್ಲ?"

"ಹಾಗೆ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ. ಸುಳ್ಳು ಟ್ಯಾಲಿ ಆಗ್ತದೆ ಅದು. ಜನರಲ್ ಸಡಿಲಾಗಿ ಮಾತಾಡಿದವನಲ್ಲ."

ಊಟದ ಹಜಾರದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ನಡುವೆ ನಾನು. ಮದ್ದಳೆಯಿಲ್ಲ, ಒಬ್ಬ ಅಡುಗೆಯವ ಬೋಗುಣಿ ಬೋರಲು ಹಾಕಿ ತಾಳ ಹಿಡಿದ. ಹಜಾರ ತುಂಬಿತ್ತು. ಹನ್ನೊಂದು ನೇಪಾಳಿಗಳು ಬಾಗಿಲ ಬಳಿ ಸುಮ್ಮನೆ ನಿಂತಿದ್ದರು. ಅವರಿಗೆ ಕನ್ನಡ ಬಾರದು. ಪ್ರಸಂಗವನ್ನು ನಾಲ್ಕು ಮಾತಿನಲ್ಲಿ ತಿಳಿಸಿ, ನಾಯಕನ ಪಾತ್ರ ಆದೀತೇ ಎಂದು ನಾನು ಕೇಳಿದಾಗ ಸದಾನಂದ ನಕ್ಕಿದ್ದ: "ಯಾವುದಾದ್ರೂ ಕೊಡಿ, ನಾನು ಸೋಲುವವನಲ್ಲ. ಯಲ್ಲಾ, ಶುರು ಮಾಡಿ."

ನಾನು ಮೊದಲ ಪದ ಎತ್ತಿದೆ:

ಹೊರಡಿರೈ ಪಡುವಲಿಗೆ ಮಕ್ಕಳೆ
ಪರಮ ಹಿತವಿದು ತಂದೆ ನುಡಿವೆನು

ಸಾಹೇಬರು ಕ್ಯಾಪು ತೆಗೆದು ಮಡಿಲಲ್ಲಿಟ್ಟುಕೊಂಡರು. ಮಾತು ಆರಂಭವಾಯಿತು. ಏಳನೆಯ ತರಗತಿಯವರು ಆ ಮಾತುಗಳನ್ನು ಎಲ್ಲಿ ಕಲಿತರೋ ನಾನರಿಯೆ. ನಿಮ್ಮನ್ನು ನಾನು ದ್ವೇಷಿಸುವುದಿಲ್ಲ, ಎಂದರು. ನನ್ನ ಜನ ನಿಮ್ಮ ನೆಲವನ್ನು ಸುತ್ತುವರಿದಿದ್ದಾರೆ; ಅವರ ಆಸೆಯನ್ನು ನಾನು ತಡೆಯಲಾರೆ; ನಿಮ್ಮನ್ನು ದೂರ ಕಳಿಸಿ ಕಾಪಾಡಬಲ್ಲೆ. ಕತ್ತಿಯ ಗಾಯ ತಿಂದವನು ನಾನು, ಅನಾಥನ ನೋವು ನನಗೆ ಗೊತ್ತು. ಅದಕ್ಕೇ ತಂದೆಯಾಗಿ ಹೇಳುತ್ತಿದ್ದೇನೆ. ಹನ್ನೆರಡು ವರ್ಷ ಒಬ್ಬನನ್ನು ಪ್ರೀತಿಸಿದ ಹೃದಯ ಆ ಪ್ರೀತಿಯನ್ನೆಲ್ಲ ಅವನ ಅತ್ಯಂತ ಕೆಟ್ಟ ವಾದಕ್ಕೆ ಕೊಟ್ಟಿತು. ಜನ ಚಪ್ಪಾಳೆ ತಟ್ಟಿದರು. ನನಗೆ ಭಯವಾಯಿತು. ಇವರು ಗೆದ್ದೇಬಿಡುತ್ತಾರೆ ಎಂದುಕೊಂಡೆ.

ಆದರೆ ತಾಳಮದ್ದಳೆಯಲ್ಲಿ ಒಂದು ನಿಯಮವುಂಟು. ಅರ್ಥ ಹೇಳುವವನು ಪಾತ್ರದ ಹೊರಗೆ ನಿಲ್ಲುವಂತಿಲ್ಲ. ದುರ್ಯೋಧನನಾದವನಿಗೆ ದುರ್ಯೋಧನನೇ ಸರಿ. ಚಪ್ಪಾಳೆ ಕೇಳಿದ್ದೇ ಸದಾನಂದ ಕೆರಳಿದ. ಕುಳಿತಲ್ಲೇ ಎದೆಯುಬ್ಬಿಸಿ ಉತ್ತರಕ್ಕೆ ತೊಡಗಿದ.

"ತಂದೆ ಎಂದಿರಿ. ಯಾವ ತಂದೆ ಮಗನ ಚಾಪೆ ಎತ್ತಿ ನೆರೆಮನೆಯವನಿಗೆ ಹಾಸುತ್ತಾನೆ? ನಿಮ್ಮ ಜನ ಕೇಳಿದರು ಎಂದಿರಿ. ಹೌದು, ಅವರು ಬಹಳ ಇದ್ದಾರೆ, ನಾವು ಕೆಲವರು. ಕೈಯೆತ್ತಿದವರ ಲೆಕ್ಕದಲ್ಲಿ ನನ್ನ ಮನೆ ನಿಮ್ಮದಾಗುವುದಾದರೆ, ನಾಳೆ ನಿಮಗಿಂತ ಹೆಚ್ಚು ಕೈಗಳು ಬಂದಾಗ ನಿಮ್ಮ ಮನೆ ಯಾರದು, ದೊರೆಯೇ?"

ಹಿಂದೆ ಕುಳಿತವರು ಕತ್ತು ಚಾಚಿದರು. ಅವನಿಗೆ ರುಚಿ ಹತ್ತಿತ್ತು.

"ನಾವು ನಿಮಗಿಂತ ಮೊದಲು ಬಂದವರು. ಬರಡು ನೆಲ ಇದು. ಇಲ್ಲಿ ನಾವು ನೆಟ್ಟೆವು. ನೀರು ಹೊತ್ತು ತಂದು ಹೊಯ್ದೆವು. ನೋಡಿ, ಅಲ್ಲಿ..." ಎಂದು ಕೈಚಾಚಿದ.

ಅವನ ಕೈ ಕಿಟಕಿಯತ್ತ ಹೋಗಿತ್ತು. ಕಿಟಕಿಯ ಹೊರಗೆ ಎಣ್ಣೆಯ ಡಬ್ಬಗಳಲ್ಲಿ ಸೊಪ್ಪು ಬಿಸಿಲಿಗೆ ಹೊಳೆಯುತ್ತಿತ್ತು.

ಎಲ್ಲರ ಕಣ್ಣೂ ಆ ಕೈಯನ್ನು ಹಿಂಬಾಲಿಸಿತು. ಅವನದೂ. ಚಾಚಿದ ಕೈ ಮೆಲ್ಲನೆ ಇಳಿಯಿತು.

ಚರಿತ್ರೆಯ ಪ್ರಕಾರ ನಾಯಕನು ಗಂಟುಮೂಟೆ ಹೊತ್ತು ಹೊರಡಬೇಕು. ಕಥೆಯನ್ನು ಬದಲಿಸುವ ಅಧಿಕಾರ ಭಾಗವತನಾದ ನನಗಿಲ್ಲ. ನಿರ್ಗಮನದ ಪದ ಹಾಡಿದೆ. ಅವನು ಏಳಬೇಕಾಗಿತ್ತು. ಏಳಲಿಲ್ಲ. ಇನ್ನೊಮ್ಮೆ ಹಾಡಿದೆ.

"ಮಾಷ್ಟ್ರೇ, ಆ ಪದ ಬೇಡ" ಎಂದ.

"ಪ್ರಸಂಗದಲ್ಲಿ ಹಾಗಿದೆಯಪ್ಪಾ."

"ಇರ್ಲಿ. ನೀವು ಹತ್ತು ಸಲ ಹಾಡಿದ್ರೂ ನಾನು ಏಳುವುದಿಲ್ಲ."

ಸಾಹೇಬರು ಕ್ಯಾಪನ್ನು ತಲೆಗೆ ಹಾಕಿಕೊಂಡು ಪಾತ್ರದಿಂದ ಹೊರಬಂದರು. ಮೃದುವಾಗಿ ಕೇಳಿದರು: "ಇದು ಯಾರ ಮಾತು? ಚೆರೋಕಿ ನಾಯಕನದ್ದಾ, ಸದಾನಂದನದ್ದಾ?"

ಸದಾನಂದ ಅವರನ್ನೇ ದಿಟ್ಟಿಸಿದ. "ಎಂಥ ಜನ ಸಾಯ್ಬ್ರೇ ನೀವು! ನನ್ನ ಬಾಯಿಂದಲೇ ನನಗೆ ಸರಪಳಿ ಬಿಗಿಸಿದ್ರಲ್ಲ!" ಎಂದ. ಜನ ಗೊಳ್ಳೆಂದು ನಕ್ಕರು. ಅವನೂ ನಕ್ಕ, ಆದರೆ ಕಣ್ಣು ನಗಲಿಲ್ಲ. ಕ್ಷಮೆ ಕೇಳಲಿಲ್ಲ, ಯಾರೂ ಕೇಳಿಸಲಿಲ್ಲ. ಆಗ ಸಾಹೇಬರು ಎದ್ದು ನಿಂತರು.

"ಕೂತ್ಕೊಳ್ಳಿ, ಒಂದು ಕೆಲಸ ಬಾಕಿ ಉಂಟು. ಹನ್ನೆರಡು ವರ್ಷ ನಿಮಗೆ ಹೇಳಿದ ಕಥೆಯಲ್ಲಿ ತಪ್ಪು ಉಂಟು. ತಪ್ಪು ನನ್ನದು. ಅರ್ಧ ಓದಿ ಪೂರ್ತಿ ಅಂತ ಹೇಳಿದೆ." ಅವರು ಉಳಿದರ್ಧವನ್ನು ಹೇಳಿದರು. ನಡುವೆ ಒಂದು ಸಂಗತಿ: ಬ್ಯಾಂಕಿನ ಜಗಳದಲ್ಲಿ ಸೆನೆಟ್ ಸಭೆ ಆ ಅಧ್ಯಕ್ಷನನ್ನು ಖಂಡಿಸಿ ತನ್ನ ದಾಖಲೆಯಲ್ಲಿ ಬರೆಯಿತಂತೆ, ಮೂರು ವರ್ಷದ ಮೇಲೆ ಅವನ ಕಡೆಯವರಿಗೆ ಬಹುಮತ ಬಂದಾಗ ಆ ಪುಟ ತೆರೆಸಿ, ಖಂಡನೆಯ ಸುತ್ತ ಕಪ್ಪು ಗೆರೆ ಎಳೆಸಿ, ರದ್ದು ಎಂದು ಬರೆಸಿದರಂತೆ. "ಹರಿಯಲಿಲ್ಲ ನೋಡಿ. ನಮ್ಮ ಹಾಗೆ ಗೆರೆಯೇ ಎಳೆದ್ರು. ಆದ್ರೆ ಅವರು ಎಳೆದದ್ದು ಬೈಗುಳ ಹೊಡೆದು ಹಾಕ್ಲಿಕ್ಕೆ. ನಾನು ಎಳೆಯುದು ನನ್ನ ಹೊಗಳಿಕೆ ಹೊಡೆದು ಹಾಕ್ಲಿಕ್ಕೆ." ಬೆರಳೆತ್ತಿ ಗಾಳಿಯಲ್ಲಿ ಗೆರೆ ಎಳೆದರು. ಗೋಡೆಯ ಗಡಿಯಾರ ನೋಡಿ ಸಮಯವನ್ನೂ ಹೇಳಿದರು. ನಾನು ದೇವಾಲಯಗಳಲ್ಲಿ ಮಂಗಳಾರತಿಯ ಕಾಲಕ್ಕೆ ನಿಲ್ಲುವಂತೆ, ಅರಿವಿಲ್ಲದೆ ಎದ್ದು ನಿಂತಿದ್ದೆ.

ಶನಿವಾರ ಬೆಳಗ್ಗೆ ಯಾರೂ ಗಂಟು ಕಟ್ಟಲಿಲ್ಲ. ಗೋಡೆಯ ಪಟ್ಟಿ ಅಲ್ಲಿಯೇ ಇತ್ತು. ಅದರ ಮೇಲೆ ಸದಾನಂದ ಉದ್ದಕ್ಕೆ ಒಂದೇ ಗೆರೆ ಎಳೆದು, ಸಹಿ ಹಾಕಿ, ಸಮಯ ಬರೆದಿದ್ದ. ಹನ್ನೊಂದು ಹೆಸರುಗಳೂ ಗೆರೆಯ ಕೆಳಗೆ ಸ್ಪಷ್ಟವಾಗಿ ಓದಲು ಬರುತ್ತಿದ್ದವು.

ಸಾಹೇಬರ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಆ ಕಥೆಯನ್ನು ಹಿಂದೆ ಕೇಳಿ ಊರಿಗೆ ಹೋದವರು, ಬೇರೆ ಕಂಪೆನಿಗೆ ಸೇರಿದವರು, ಬಹರೈನಿಗೆ ದಾಟಿದವರು ಎಲ್ಲರ ಪಟ್ಟಿ ಮಾಡಿಕೊಂಡರು. ನಿವೃತ್ತಿಗೆ ಒಂದು ವರ್ಷವಿತ್ತು. ಅದು ಮುಗಿದರೆ ವೀಸಾ ಮುಗಿಯುತ್ತದೆ. ಪ್ರತಿ ಶುಕ್ರವಾರ ಕೆಲವರನ್ನು ಹುಡುಕಿಕೊಂಡು ಹೋದರು, ಕೆಲವರಿಗೆ ಫೋನು ಮಾಡಿದರು. "ಯಾವ ಜನರಲ್ ಮಾರಾಯ್ರೇ?" ಎಂದು ಕೇಳಿದವರಿಗೂ ಮೊದಲಿನಿಂದ ಕಥೆ ಹೇಳಿ, ಆಮೇಲೆ ತಿದ್ದಿ, ಹೆಸರಿನ ಮುಂದೆ ಗುರುತು ಹಾಕಿಕೊಂಡರು. ಇದು ಹುಚ್ಚೆಂದು ನಕ್ಕವರಿದ್ದಾರೆ. ನಾನು ನಗಲಾರೆ.

ಬಾಗಿಲು ತೆರೆದದ್ದನ್ನು ಅವರು ಎಂದೂ ಅಲ್ಲಗಳೆಯಲಿಲ್ಲ. "ಅದು ಆದದ್ದೇ. ಅದಕ್ಕೆ ಗೆರೆ ಇಲ್ಲ. ಎರಡೂ ಬರೆದಿರ್ಬೇಕು" ಎನ್ನುತ್ತಿದ್ದರು.

ಊರಿಗೆ ಹೊರಡುವ ಮುನ್ನ ಆ ಅರ್ಧ ಪುಸ್ತಕವನ್ನು ನನಗೆ ತಂದುಕೊಟ್ಟರು. "ನೀವೂ ನನ್ನ ಪಟ್ಟಿಯಲ್ಲಿ ಇದ್ರಿ ಮಾಷ್ಟ್ರೇ. ನಿಮಗೆ ಹೇಳಿಯಾಯ್ತು. ಆದ್ರೆ ನೀವು ಶಾಲೆಯಲ್ಲಿ ಮಕ್ಕಳಿಗೆ ಹೇಳಿದ್ರಲ್ಲ, ಅದು ನಿಮ್ಮ ಪಟ್ಟಿ. ಅದಕ್ಕೆ ನಾನು ಸಹಿ ಹಾಕ್ಲಿಕ್ಕೆ ಬರುದಿಲ್ಲ."

ನಾನು ತಲೆಯಾಡಿಸಿದೆ. ಆ ಮಕ್ಕಳು ದೊಡ್ಡವರಾಗಿ ಲೋಕದಾದ್ಯಂತ ಚದುರಿದ್ದಾರೆ, ಎಲ್ಲಿ ಹುಡುಕಲಿ, ಎಂದುಕೊಂಡು ದಿನ ದೂಡಿದೆ. ಮೂರು ವರ್ಷಗಳು ಸಂದವು. ಕಳೆದ ತಿಂಗಳು ಸದಾನಂದನ ಫೋನು ಬಂದಿತು. ಸಾಹೇಬರು ಊರಿನಲ್ಲಿ, ಇಳಿಹೊತ್ತಿನ ಅಸರ್ ನಮಾಜಿಗೆ ಅಣಿಯಾಗುತ್ತ, ಕೈಕಾಲು ತೊಳೆದುಕೊಳ್ಳುವಾಗ ಕುಸಿದು ತೀರಿಕೊಂಡರಂತೆ. ಪಟ್ಟಿಯ ಎಲ್ಲ ಹೆಸರುಗಳ ಮುಂದೆಯೂ ಗುರುತು ಬಿದ್ದಿತ್ತಂತೆ. ಅವರ ಸೃಷ್ಟಿಕರ್ತನು ಅವರನ್ನು ತನ್ನ ಸನ್ನಿಧಿಯಲ್ಲಿ ಇರಿಸಿಕೊಳ್ಳಲಿ.

ಪುಸ್ತಕ ಈಗ ನನ್ನ ಪೂಜೆಯ ಪೀಠದ ಪಕ್ಕದಲ್ಲಿದೆ. ಅಂಟಿದ ಅರ್ಧವನ್ನು ನಾನೂ ಬಿಡಿಸಿಲ್ಲ. ಓದಲು ಬರುವ ಕೊನೆಯ ಪುಟದ ಅಂಚಿನಲ್ಲಿ ಅವರ ಪೆನ್ಸಿಲಿನ ಅಕ್ಷರವಿದೆ: ಇಲ್ಲಿಗೆ ಮುಗಿದಿಲ್ಲ. ಪಕ್ಕದಲ್ಲಿ ಸಹಿ, ಸಮಯ.

ಆದ್ದರಿಂದ, ದ್ವೇಷವಿಲ್ಲದೆಯೂ ಹಿಂಜರಿಕೆಯಿಲ್ಲದೆಯೂ ಇದನ್ನು ಬರೆಯುತ್ತಿದ್ದೇನೆ. ದೋಹಾದ ಒಂದು ಶಾಲೆಯಂಗಳದಲ್ಲಿ ಒಂದು ಬೆಳಗ್ಗೆ ಸಾಲಾಗಿ ನಿಂತು, ಕತ್ತಿಯ ಏಟು ತಿಂದ ಅನಾಥ ಬಾಲಕನ ಕಥೆಯನ್ನು ಮಿಸುಕದೆ ಕೇಳಿದ ಮಕ್ಕಳೇ, ನಿಮ್ಮಲ್ಲಿ ಯಾರಾದರೊಬ್ಬರು ಇನ್ನೂ ಕನ್ನಡ ಓದುತ್ತಿದ್ದರೆ ಕೇಳಿ. ಅಂದು ನಿಮ್ಮ ಮಾಷ್ಟ್ರು ಹೇಳಿದ್ದು ಅರ್ಧ. ಆ ಬಾಲಕ ಬೆಳೆದು ದೊರೆಯಾಗಿ ತನ್ನವರಿಗೆ ಬಾಗಿಲು ತೆರೆದ. ಆಮೇಲೆ ಆ ನೆಲದಲ್ಲಿ ಮೊದಲೇ ಇದ್ದವರನ್ನು ಅವರ ಬಾಗಿಲುಗಳಿಂದ ಹೊರಹಾಕಿದ. ಎರಡೂ ಅವನೇ. ತಪ್ಪು ನನ್ನದು.

ಗೆರೆ ಎಳೆದಿದ್ದೇನೆ. ಅಲ್ ಮನ್ಸೂರಾ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.